ಆಂಡೋರ್: ಒಬ್ಬರೇ ಕುಳಿತು ಆಡುವ ಸಾಹಸಕಥೆ

ಒಬ್ಬನೇ ಕುಳಿತು ಹಲಗೆಯಾಟ ಆಡುತ್ತೇನೆ ಎಂದಾಗ ಪರಿಚಿತರು ಕೇಳುವ ಮೊದಲ ಪ್ರಶ್ನೆ, "ಹಾಗಾದರೆ ಸೋಲುವವರು ಯಾರು?" ಎಂಬುದು. ಪ್ರಶ್ನೆ ತಮಾಷೆಗೆ ಹುಟ್ಟಿದ್ದರೂ ಅಸಂಗತವಲ್ಲ. ಪಗಡೆ, ಚದುರಂಗ, ಚೌಕಾಬಾರಗಳ ನಡುವೆ ಬೆಳೆದ ನಮಗೆ ಆಟವೆಂದರೆ ಎದುರಾಳಿ. ಕಾಯಿ ಮೂರು ಮನೆ ನಡೆಯಿತೋ ನಾಲ್ಕು ಮನೆ ನಡೆಯಿತೋ ಎಂದು ತಕರಾರು ತೆಗೆಯುವುದಕ್ಕಾದರೂ ಪಕ್ಕದಲ್ಲಿ ಒಬ್ಬರು ಇರಬೇಕು. ಆ ಒಬ್ಬರು ಇಲ್ಲದಿರುವಾಗ ಆಟ ಹೇಗೆ ನಡೆಯುತ್ತದೆ, ಅದರಲ್ಲಿ ಸೋಲು ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಬಹುಕಾಲದಿಂದ ಬಲ್ಲ ಒಂದು ಆಟದ ಮೂಲಕ ವಿವರಿಸಲು ಇಲ್ಲಿ ಯತ್ನಿಸುತ್ತೇನೆ. ಆಟದ ಹೆಸರು 'ಆಂಡೋರ್‌ನ ದಂತಕಥೆಗಳು'.

ಕಥೆಯನ್ನು ಒಂಟಿಯಾಗಿ ಆಡುವ ಪದ್ಧತಿ ಆಂಡೋರ್‌ನಿಂದ ಆರಂಭವಾದದ್ದಲ್ಲ. 1976ರಲ್ಲಿ ಅಮೆರಿಕದಲ್ಲಿ ರಿಕ್ ಲೂಮಿಸ್ ಬರೆದ 'ಬಫಲೋ ಕ್ಯಾಸಲ್' ಎಂಬ ಪುಸ್ತಿಕೆ, ಕಥೆ ಹೇಳುವ ಸೂತ್ರಧಾರನಿಲ್ಲದೆಯೇ ಒಬ್ಬ ಆಟಗಾರನನ್ನು ಕೋಟೆಯೊಳಗೆ ಕರೆದೊಯ್ಯಿತು. 1981ರಲ್ಲಿ ಆರ್ನಲ್ಡ್ ಹೆಂಡ್ರಿಕ್ ರಚಿಸಿದ 'ಬಾರ್ಬೇರಿಯನ್ ಪ್ರಿನ್ಸ್' ಒಬ್ಬರಿಗಾಗಿಯೇ ರೂಪಿಸಿದ ಹಲಗೆಯಾಟ. ರಾಜ್ಯ ಕಳೆದುಕೊಂಡ ರಾಜಕುಮಾರನೊಬ್ಬ ಎಪ್ಪತ್ತು ದಿನಗಳೊಳಗೆ ಐನೂರು ಹೊನ್ನು ಸಂಪಾದಿಸಿ ಮರಳಬೇಕು ಎಂಬುದು ಅದರ ಕಥೆ. ಹೆಚ್ಚಿನವರು ಹಸಿವಿನಿಂದಲೋ ಕಳ್ಳರಿಂದಲೋ ಬಹುಬೇಗ ಸಾಯುತ್ತಿದ್ದರು. ಮರುವರ್ಷ ಇಂಗ್ಲೆಂಡಿನಲ್ಲಿ ಬಂದ 'ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್' ಪುಸ್ತಕವನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. 'ಬಾಗಿಲು ತೆರೆಯುವುದಾದರೆ ಇಂಥ ಸಂಖ್ಯೆಗೆ ಹೋಗಿ' ಎನ್ನುವ ಆ ಬಗೆಯ ಪುಸ್ತಕಗಳನ್ನು ಓದುವಾಗ ಹಿಂದಿನ ಪುಟದಲ್ಲಿ ಒಂದು ಬೆರಳು ಇಟ್ಟುಕೊಂಡು, ಮುಂದೆ ಸಾವು ಕಂಡರೆ ಮೆಲ್ಲಗೆ ಹಿಂದಕ್ಕೆ ಬರದವರು ವಿರಳ. ಆ ಬೆರಳಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಆಂಡೋರ್ ಜರ್ಮನಿಯ ಆಟ. ಇದನ್ನು ರಚಿಸಿದ ಮಿಖಾಯೆಲ್ ಮೆಂಟ್ಸೆಲ್ ಮೂಲತಃ ಚಿತ್ರಕಾರರು; ಬೇರೆಯವರ ಎಷ್ಟೋ ಹೆಸರಾಂತ ಆಟಗಳಿಗೆ ಚಿತ್ರ ಬರೆದವರು. ಷ್ಟುಟ್‌ಗಾರ್ಟ್‌ನ ಕೊಸ್ಮೋಸ್ ಪ್ರಕಾಶನ ಇದನ್ನು 2012ರಲ್ಲಿ ಹೊರತಂದಿತು. ಮರುವರ್ಷ, ಸ್ವಲ್ಪ ಪಳಗಿದ ಆಟಗಾರರಿಗೆಂದು ಮೀಸಲಾದ ವಾರ್ಷಿಕ ಪ್ರಶಸ್ತಿ, 'ಕೆನ್ನರ್‌ಶ್ಪೀಲ್ ಡೆಸ್ ಯಾರೆಸ್', ಇದಕ್ಕೆ ದೊರೆಯಿತು. ನಮ್ಮ ಮನೆಗೆ ಈ ಪೆಟ್ಟಿಗೆ ಬಂದದ್ದು ಆ ಚಳಿಗಾಲದಲ್ಲಿ, ಮಗಳಿಗೆ ಹತ್ತು ತುಂಬಿದಾಗ. ಪೆಟ್ಟಿಗೆಯ ಮೇಲೆ ಇಬ್ಬರಿಂದ ನಾಲ್ವರಿಗೆ ಎಂದಿದೆ, ಒಬ್ಬರಿಗೆ ಎಂದಿಲ್ಲ. ಮಗಳು ಓದಿಗಾಗಿ ಬೇರೆ ಊರಿಗೆ ಹೋದ ಮೇಲೆ, ನಾಲ್ಕೂವರೆಗೇ ಕತ್ತಲಾಗುವ ಇಲ್ಲಿನ ಡಿಸೆಂಬರಿನ ಒಂದು ಸಂಜೆ ನಾನು ಅದನ್ನು ಕಪಾಟಿನಿಂದ ಇಳಿಸಿದೆ.

ಆಟದ ಸ್ವರೂಪ ಹೀಗಿದೆ. ಹಾಸಿನ ಮೇಲೆ ಕಾಡು, ನದಿ, ಸೇತುವೆ, ಬಾವಿಗಳಿರುವ ಒಂದು ನಾಡು. ಅದರಲ್ಲಿ ಸಂಖ್ಯೆ ಹೊತ್ತ ಮನೆಗಳು. ಸೊನ್ನೆಯ ಮನೆಯಲ್ಲಿ ಮುದುಕ ರಾಜ ಬ್ರಾಂಡೂರ್‌ನ ಕೋಟೆ. ಯೋಧ, ಬಿಲ್ಲುಗಾರ, ಮಾಂತ್ರಿಕ, ಕುಳ್ಳ ಎಂಬ ನಾಲ್ಕು ಬಗೆಯ ವೀರರು. ಪ್ರತಿಯೊಬ್ಬರಿಗೂ ದಿನಕ್ಕೆ ಏಳು ಗಂಟೆ. ಒಂದು ಮನೆ ನಡೆದರೆ ಒಂದು ಗಂಟೆ, ಒಂದು ಸುತ್ತು ಕಾದಾಡಿದರೆ ಒಂದು ಗಂಟೆ, ಸುಮ್ಮನೆ ನಿಂತು ಸರದಿ ಬಿಟ್ಟುಕೊಟ್ಟರೂ ಒಂದು ಗಂಟೆ. ಏಳು ಮೀರಿದರೆ ಇನ್ನೂ ಮೂರು ಗಂಟೆಯವರೆಗೆ ದುಡಿಯಬಹುದು, ಆದರೆ ಒಂದೊಂದಕ್ಕೂ ಎರಡು ಅಂಕ ಮನೋಬಲ ತೆರಬೇಕು.

ಕಾಳಗದ ಲೆಕ್ಕ ಸರಳ. ದಾಳಗಳಲ್ಲಿ ದೊಡ್ಡದಕ್ಕೆ ವೀರನ ಬಲವನ್ನು ಕೂಡಿಸಬೇಕು, ಶತ್ರುವಿಗೂ ಹಾಗೆಯೇ. ಕಡಿಮೆ ಬಂದವರು ವ್ಯತ್ಯಾಸದಷ್ಟು ಮನೋಬಲ ಕಳೆದುಕೊಳ್ಳುತ್ತಾರೆ. ಮಾಂತ್ರಿಕನಿಗೆ ಇರುವುದು ಒಂದೇ ದಾಳ, ಆದರೆ ಅದನ್ನು ಬುಡಮೇಲು ಮಾಡುವ ವಿದ್ಯೆ ಅವನಿಗಿದೆ: ಒಂದು ಬಿದ್ದರೆ ಆರು, ಎರಡು ಬಿದ್ದರೆ ಐದು. ಅಂದರೆ ನಾಲ್ಕಕ್ಕಿಂತ ಕಡಿಮೆ ಅವನಿಗೆ ಎಂದೂ ಬೀಳದು. ಅವನ ಬಲ ಮೂರು ಇದೆ, ದಾಳ ಎರಡು ಬಿತ್ತು ಎನ್ನೋಣ. ತಿರುಗಿಸಿದರೆ ಐದು, ಒಟ್ಟು ಎಂಟು. ಎದುರಿಗಿರುವ ಗೋರ್ ಎಂಬ ಸಣ್ಣ ರಾಕ್ಷಸನ ಬಲ ಎರಡು. ಅವನ ಎರಡು ದಾಳಗಳಲ್ಲಿ ಮೂರು ಮತ್ತು ನಾಲ್ಕು ಬಿದ್ದರೆ ಅವನದು ಆರು. ನಾಲ್ಕು ಇದ್ದ ಅವನ ಮನೋಬಲ ಎರಡಕ್ಕಿಳಿಯಿತು, ನಮ್ಮ ಒಂದು ಗಂಟೆ ಕಳೆಯಿತು. ಆದರೆ ಶತ್ರುವಿನ ದಾಳಗಳು ಜೋಡಿಯಾಗಿ ಬಿದ್ದರೆ ಎರಡನ್ನೂ ಕೂಡಿಸಬೇಕೆಂಬ ನಿಯಮವಿರುವುದರಿಂದ, ಎಷ್ಟೇ ಸಣ್ಣವನನ್ನೂ ಕಡೆಗಣಿಸುವಂತಿಲ್ಲ.

ಇಷ್ಟೇ ಆಗಿದ್ದರೆ ಆಂಡೋರ್ ನೂರರಲ್ಲಿ ಒಂದು ಆಟವಾಗಿರುತ್ತಿತ್ತು. ಅದರ ಜೀವ ಇರುವುದು ಹಾಸಿನ ಬಲ ಅಂಚಿನಲ್ಲಿ. ಅಲ್ಲಿ 'ಎ'ಯಿಂದ 'ಎನ್'ವರೆಗೆ ಹದಿನಾಲ್ಕು ಅಕ್ಷರಗಳ ಒಂದು ಏಣಿ, ಅದರ ಮೇಲೆ 'ಕಥೆಗಾರ' ಎಂಬ ಕಾಯಿ. ಪ್ರತಿ ಸೂರ್ಯೋದಯಕ್ಕೆ ಕಥೆಗಾರ ಒಂದು ಮೆಟ್ಟಿಲು ಏರುತ್ತಾನೆ. ಕೆಲವು ಅಕ್ಷರಗಳನ್ನು ತಲುಪಿದಾಗ ಅದಕ್ಕೆ ಸಂಬಂಧಿಸಿದ ಕಾರ್ಡನ್ನು ಓದಬೇಕು, ಕಥೆ ಮುಂದುವರಿಯುತ್ತದೆ. 'ಎನ್' ತಲುಪಿದಾಗ ಕಥೆ ಮುಗಿಯುತ್ತದೆ. ಅಷ್ಟರಲ್ಲಿ ನಮ್ಮ ಕಾರ್ಯ ಆಗಿರದಿದ್ದರೆ ಸೋತೆವು.

ಇದರ ಜೊತೆಗೆ ಇನ್ನೊಂದು ನಿಯಮ: ಒಬ್ಬ ಶತ್ರುವನ್ನು ಕೊಂದಾಗಲೂ ಕಥೆಗಾರ ಒಂದು ಮೆಟ್ಟಿಲು ಏರುತ್ತಾನೆ. ರಾಕ್ಷಸರನ್ನು ಕೊಲ್ಲುವುದೇ ವೀರರ ಧರ್ಮ ಎಂದು ನಂಬಿ ಬಂದ ಆಟಗಾರನಿಗೆ ಇದು ದೊಡ್ಡ ಪೆಟ್ಟು. ಕೊಂದರೆ ಹೊನ್ನು ಸಿಗುತ್ತದೆ, ಹೊನ್ನಿನಿಂದ ಬಲ ಸಿಗುತ್ತದೆ. ಆದರೆ ಪ್ರತಿ ಗೆಲುವೂ ಒಂದು ದಿನವನ್ನು ನುಂಗುತ್ತದೆ. ಕೊಲ್ಲದೆ ಬಿಟ್ಟರೆ, ಬೆಳಗಾದ ಕೂಡಲೇ ಶತ್ರುಗಳು ಹಾಸಿನ ಮೇಲಿನ ಬಾಣಗಳನ್ನು ಅನುಸರಿಸಿ ಕೋಟೆಯತ್ತ ಒಂದೊಂದು ಮನೆ ಸರಿಯುತ್ತಾರೆ. ಮನೆಯಲ್ಲಿ ಈಗಾಗಲೇ ಒಬ್ಬನಿದ್ದರೆ ಹಿಂದಿನವನು ಅವನನ್ನು ದಾಟಿ ಮುಂದಕ್ಕೆ ಹಾರುತ್ತಾನೆ. ಕೋಟೆ ಹೊಕ್ಕವರಿಗೆ ಅಲ್ಲಿ ಚಿತ್ರಿಸಿದ ಹೊನ್ನಿನ ಗುರಾಣಿಗಳಷ್ಟೇ ಜಾಗ: ಇಬ್ಬರು ವೀರರಾದರೆ ಮೂರು, ಮೂವರಾದರೆ ಎರಡು, ನಾಲ್ವರಾದರೆ ಒಂದು. ಅದನ್ನು ಮೀರಿ ಒಬ್ಬ ನುಗ್ಗಿದರೂ ಸೋಲು. ಹೊಲಗಳಲ್ಲಿರುವ ರೈತರನ್ನು ಕೋಟೆಗೆ ಸುರಕ್ಷಿತವಾಗಿ ಕರೆತಂದರೆ ಒಬ್ಬೊಬ್ಬ ರೈತನಿಗೆ ಒಂದು ಗುರಾಣಿ ಹೆಚ್ಚುತ್ತದೆ. ಹೀಗಾಗಿ ಆಟದ ಪ್ರಶ್ನೆ 'ಯಾರನ್ನು ಕೊಲ್ಲಬೇಕು' ಎಂಬುದಲ್ಲ, 'ಯಾರನ್ನು ಒಳಗೆ ಬಿಡಬಹುದು' ಎಂಬುದು. ರೈತನ ಕೈ ಹಿಡಿದು ನಡೆಸಿದ ನಾಲ್ಕು ಗಂಟೆ, ಬಹಳ ಸಲ ನಾಲ್ಕು ಗಂಟೆಯ ಕಾಳಗಕ್ಕಿಂತ ಬೆಲೆಯುಳ್ಳದ್ದು.

ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಎದುರಾಳಿಯ ಬುದ್ಧಿಯ ಸ್ಥಾನದಲ್ಲಿ ಒಂದು ವೇಳಾಪಟ್ಟಿಯನ್ನು ಕೂರಿಸಲಾಗಿದೆ. ಗೋರ್‌ಗೆ ಯೋಚನೆಯಿಲ್ಲ, ಬಾಣವಿದೆ. ಆದ್ದರಿಂದಲೇ ನಾಲ್ವರಿಗೆಂದು ಮಾಡಿದ ಈ ಆಟವನ್ನು ಒಬ್ಬರು ಆಡಲು ಸಾಧ್ಯ.

ವಿಧಾನ ಇದು: ಇಬ್ಬರು ವೀರರನ್ನು ಆರಿಸಿ, ಇಬ್ಬರ ಪರವಾಗಿಯೂ ನಾವೇ ಆಡಬೇಕು. ಒಬ್ಬನೇ ವೀರನನ್ನು ಕಳುಹಿಸುವುದು ಆಗದ ಮಾತು. ಅಂಥ ಲೆಕ್ಕವೇ ಪೆಟ್ಟಿಗೆಯಲ್ಲಿಲ್ಲ. ಮಾಂತ್ರಿಕನ ಜೊತೆ ಯೋಧನನ್ನು ಇಟ್ಟುಕೊಳ್ಳುವುದು ನನ್ನ ರೂಢಿ. ಒಬ್ಬನದು ಭರವಸೆಯ ದಾಳ, ಇನ್ನೊಬ್ಬನು ಬಾವಿಯ ನೀರು ಕುಡಿದರೆ ಇತರರಿಗೆ ಸಿಗುವ ಮೂರರ ಬದಲು ಐದು ಮನೋಬಲ ಪಡೆಯುವವನು. ಸರದಿಯನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು. ಒಬ್ಬನ ಇಡೀ ದಿನವನ್ನು ಒಂದೇ ಉಸಿರಿಗೆ ಮುಗಿಸಿ, ಅದರ ಫಲ ನೋಡಿಕೊಂಡು ಇನ್ನೊಬ್ಬನನ್ನು ನಡೆಸುವ ಆಸೆ ಬಲವಾಗಿರುತ್ತದೆ. ಹಾಗೆ ಮಾಡಿದರೆ ಆಟ ಸಡಿಲವಾಗುತ್ತದೆ. ಏಕೆಂದರೆ ಒಬ್ಬನಿಗಾಗಿ ಇನ್ನೊಬ್ಬ ಕಾಯುತ್ತ ನಿಲ್ಲುವ ಆ ಒಂದು ಗಂಟೆಯ ದಂಡವೇ ಜಂಟಿ ಕಾಳಗದ ನಿಜವಾದ ವೆಚ್ಚ.

ಒಬ್ಬರೇ ಆಡುವಾಗ ಆಟ ಸುಲಭವಾಗುತ್ತದೆ ಎಂಬ ಮಾತಿಗೂ ಆಧಾರವಿದೆ. ಅಮೆರಿಕದ ಐಸಾಕ್ ಚಿಲ್ಡ್ರೆಸ್ ರಚಿಸಿದ, 2017ರಲ್ಲಿ ಬಂದ 'ಗ್ಲೂಮ್‌ಹೇವನ್' ಎಂಬ ಭಾರೀ ಸಾಹಸದಾಟದಲ್ಲಿ ಒಂಟಿ ಆಟಗಾರ ಶತ್ರುಗಳ ಮಟ್ಟವನ್ನು ಒಂದು ಹೆಚ್ಚಿಸಿಕೊಳ್ಳಬೇಕೆಂಬ ನಿಯಮವಿದೆ. ಹಲವರು ಆಡುವಾಗ ತಂತಮ್ಮ ಕೈಯಲ್ಲಿರುವ ಕಾರ್ಡುಗಳ ನಿಖರ ವಿವರವನ್ನು ಪರಸ್ಪರ ಹೇಳುವಂತಿಲ್ಲ. ಒಬ್ಬನೇ ಆಡಿದರೆ ಎಲ್ಲ ಕೈಗಳೂ ಒಂದೇ ತಲೆಗೆ ಕಾಣುತ್ತವೆ ಎಂಬುದು ಕಾರಣ. ಆಂಡೋರ್‌ನಲ್ಲಿ ಮುಚ್ಚಿಡುವ ಕೈ ಇಲ್ಲ, ಎಲ್ಲರೂ ಮಾತಾಡಿಕೊಂಡೇ ಆಡುವುದು. ಆದ್ದರಿಂದ ಇಲ್ಲಿ ನಷ್ಟವಾಗುವುದು ಗುಟ್ಟಲ್ಲ, ವಾದ. ಮಗಳೊಡನೆ ಆಡುವಾಗ "ಆ ಗೋರ್ ಬೇಡ, ಬಿಟ್ಟುಬಿಡು" ಎಂದು ಅವಳು ತಡೆಯುತ್ತಿದ್ದಳು. ನನ್ನ ಯೋಧನಿಗೆ ನನ್ನ ಮಾಂತ್ರಿಕ ಎಂದೂ ಹಾಗೆ ಹೇಳಿದ್ದಿಲ್ಲ.

ಲಾಭವೂ ಇದೆ. ಆಂಡೋರ್ ಪೆಟ್ಟಿಗೆಯಲ್ಲಿ ದಪ್ಪ ನಿಯಮಪುಸ್ತಿಕೆಯನ್ನು ಮೊದಲೇ ಓದಿಸುವ ಪದ್ಧತಿಯಿಲ್ಲ. ಒಂದು ಹಾಳೆ ಓದಿ ಕುಳಿತರೆ, ಮೊದಲ ದಂತಕಥೆಯ ಕಾರ್ಡುಗಳೇ ನಿಯಮಗಳನ್ನು ಕಥೆಯ ಓಟದಲ್ಲಿ ಕಲಿಸುತ್ತವೆ. ಮಗಳು ಜೊತೆಗಿದ್ದಾಗ ಜರ್ಮನ್ ಕಾರ್ಡುಗಳನ್ನು ಅವಳೇ ಓದುತ್ತಿದ್ದಳು, ಅವಳ ಓಟಕ್ಕೆ ನಾನು ತಲೆದೂಗುತ್ತಿದ್ದೆ. ಒಂಟಿಯಾದ ಮೇಲೆ ನಾನೇ ಗಟ್ಟಿಯಾಗಿ ಓದತೊಡಗಿದೆ. ಕಚೇರಿಯ ಜರ್ಮನ್‌ನಲ್ಲಿ ಎಂದೂ ಬರದ ಮಂಜು, ಮೂಲಿಕೆ, ಮಾಟಗಾತಿ, ಗುರಾಣಿಗಳ ಶಬ್ದಗಳು ಹೀಗೆ ನನಗೆ ಬಂದವು. ಇಂಗ್ಲಿಷ್ ಆವೃತ್ತಿಯೂ ಇದೆ. ಜರ್ಮನಿಯಲ್ಲಿರುವವರು ಕೊಳ್ಳುವ ಮೊದಲು ಊರಿನ ಗ್ರಂಥಾಲಯದಲ್ಲಿ ವಿಚಾರಿಸಬಹುದು; ಪುಸ್ತಕದಂತೆ ಆಟಗಳನ್ನೂ ಎರವಲು ಕೊಡುವ ಗ್ರಂಥಾಲಯಗಳು ಇಲ್ಲಿ ಬಹಳ.

ಒಂದು ಮಿತಿಯನ್ನು ಮುಚ್ಚಿಡಬಾರದು. ಪೆಟ್ಟಿಗೆಯಲ್ಲಿರುವುದು ಐದು ದಂತಕಥೆಗಳು. ಒಮ್ಮೆ ಓದಿದ ಕಾರ್ಡು ಮರುಬಾರಿ ಬೆರಗು ಹುಟ್ಟಿಸದು. ಎರಡನೆಯ ದಂತಕಥೆಯಲ್ಲಿ ಕಾಯಿಲೆ ಬಿದ್ದ ರಾಜನಿಗೆ ಔಷಧದ ಮೂಲಿಕೆ ತರಬೇಕು, ಗೋಪುರ ಹಿಡಿದ ಸ್ಕ್ರಾಲ್ ಎಂಬ ಬಲಶಾಲಿಯನ್ನು ಸೋಲಿಸಬೇಕು, ಕೋಟೆಯನ್ನೂ ಕಾಯಬೇಕು. ನೆರವಿಗೆ ಬರುವ ರಾಜಕುಮಾರ 'ಜಿ' ಅಕ್ಷರಕ್ಕೆ ಹೊರಟುಹೋಗುತ್ತಾನೆಂದು ಎರಡನೆಯ ಸಲ ಆಡುವವನಿಗೆ ಗೊತ್ತಿರುತ್ತದೆ. ಮಾಟಗಾತಿ ಯಾವ ಮಂಜಿನಲ್ಲಿ ಅಡಗಿದ್ದಾಳೆ, ಮೂಲಿಕೆ ಎಲ್ಲಿ ಸಿಗುತ್ತದೆ ಎಂಬುದು ಪ್ರತಿಸಲ ಬದಲಾಗುವುದರಿಂದ ಲೆಕ್ಕಾಚಾರ ಹೊಸದಾಗಿ ಉಳಿಯುತ್ತದೆ, ಕಥೆ ಹಳತಾಗುತ್ತದೆ. ಕಥೆಗಾಗಿ ಮಾತ್ರ ಆಡುವವರಿಗೆ ಎರಡು ಸುತ್ತು ಸಾಕು.

ಈ ಎರಡನೆಯ ದಂತಕಥೆಯಲ್ಲಿ ನಾನು ಒಂಟಿಯಾಗಿ ಮೂರು ಸಲ ಸೋತೆ. ಕಳೆದ ಜನವರಿಯ ಒಂದು ರಾತ್ರಿ ಗೆದ್ದೆ. ಮೂಲಿಕೆ ಕೋಟೆ ಸೇರಿತ್ತು, ಗುರಾಣಿಗಳಲ್ಲಿ ಒಂದು ಖಾಲಿ ಉಳಿದಿತ್ತು. ಕಥೆಗಾರ 'ಎಂ' ಮೇಲೆ ನಿಂತಿದ್ದಾಗ, ಎಂದರೆ ಕೊನೆಗೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ, ಯೋಧ ಮತ್ತು ಮಾಂತ್ರಿಕ ಸೇರಿ ಗೋಪುರದ ಸ್ಕ್ರಾಲ್‌ನನ್ನು ಕೆಡವಿದರು. ಹಾಸಿನ ಚಿತ್ರ ತೆಗೆದು ಮಗಳಿಗೆ ಕಳುಹಿಸಿದೆ. ಕ್ಷಣದಲ್ಲಿ ಚಪ್ಪಾಳೆಯ ಚಿಹ್ನೆಗಳು ಬಂದವು.

ಕೊಂದ ಶತ್ರುಗಳನ್ನು ಹಾಸಿನ 80ನೆಯ ಮನೆಯಲ್ಲಿ ಗುಡ್ಡೆ ಹಾಕಬೇಕೆಂಬುದು ಆಟದ ನಿಯಮ. ಸೂರ್ಯೋದಯಗಳನ್ನು ಒಂದು ಚೀಟಿಯಲ್ಲಿ ಗೀಟು ಹಾಕಿ ಎಣಿಸುವುದು ನನ್ನ ಅಭ್ಯಾಸ. ಕಾಯಿಗಳನ್ನು ಪೆಟ್ಟಿಗೆಗೆ ತುಂಬುವಾಗ ಕಣ್ಣಿಗೆ ಬಿತ್ತು: ಗೋಪುರದವನನ್ನು ಬಿಟ್ಟು 80ರಲ್ಲಿ ಆರು ಶತ್ರುಗಳು, ಚೀಟಿಯಲ್ಲಿ ಏಳು ಗೀಟು. ಆರೂ ಏಳೂ ಹದಿಮೂರು. 'ಎ'ಯಿಂದ ಹದಿಮೂರು ಮೆಟ್ಟಿಲು ಏರಿದರೆ 'ಎನ್'. ಎಲ್ಲೋ ಒಬ್ಬ ಗೋರ್‌ನನ್ನು ಕೊಂದು ಕಥೆಗಾರನನ್ನು ಸರಿಸಲು ಮರೆತಿದ್ದೆ. ಕೊನೆಯ ಕಾಳಗ ಆರಂಭವಾಗುವ ಮೊದಲೇ ನಾನು ಸೋತಾಗಿತ್ತು.

ಬೇಕೆಂದು ಮಾಡಿದ್ದಲ್ಲ, ಆದರೂ ಹಿಂದಿನ ಪುಟದಲ್ಲಿಟ್ಟ ಬೆರಳಿಗೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ನೋಡಿದವರು ಯಾರೂ ಇಲ್ಲ. ಚಪ್ಪಾಳೆ ಬಂದಾಗಿದೆ. ಗೀಟುಗಳಲ್ಲೇ ಒಂದು ಹೆಚ್ಚಾಗಿ ಎಳೆದಿರಬಹುದು ಎಂದು ವಾದಿಸುವ ಅವಕಾಶವೂ ಇತ್ತು, ಸ್ವಲ್ಪ ಹೊತ್ತು ವಾದಿಸಿಯೂ ನೋಡಿದೆ. ಬೆಳಿಗ್ಗೆ ಮಗಳಿಗೆ ಲೆಕ್ಕವನ್ನು ಬರೆದು ಕಳುಹಿಸಿ, ಗೆದ್ದಿಲ್ಲ ಎಂದೆ.

ಉತ್ತರ ಮಧ್ಯಾಹ್ನ ಬಂತು. "ಅಪ್ಪಾ, ನಾವಿಬ್ಬರೂ ಡ್ರ್ಯಾಗನ್‌ನನ್ನು ಕೊಂದ ದಿನ ನೀನು ಕಾಫಿ ಮಾಡಿಕೊಳ್ಳಲು ಎದ್ದು ಹೋಗಿದ್ದೆಯಲ್ಲ, ಆಗ ನಾನು ಕಥೆಗಾರನನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದೆ. ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೆ."

ಆ ಐದನೆಯ ದಂತಕಥೆಯ ಗೆಲುವಿನ ಚಿತ್ರ ನಮ್ಮ ಹಜಾರದ ಗೋಡೆಯ ಮೇಲೆ ಇನ್ನೂ ಇದೆ. ಅದನ್ನು ತೆಗೆಯುವ ಉದ್ದೇಶವಿಲ್ಲ. ಎರಡನೆಯದನ್ನು ಮಾತ್ರ ಮತ್ತೆ ಹಾಸಿದ್ದೇನೆ. ಈಗ ಶತ್ರು ಬಿದ್ದ ಕೂಡಲೇ ಅವನನ್ನು ಮುಟ್ಟುವುದಿಲ್ಲ. ಮೊದಲು ಕಥೆಗಾರನನ್ನು ಸರಿಸಿ, ಅಕ್ಷರವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಅವನನ್ನು 80ಕ್ಕೆ ಒಯ್ಯುತ್ತೇನೆ. ನಿನ್ನೆಗೆ 'ಎಫ್' ಆಗಿದೆ, ಮಾಟಗಾತಿ ಇನ್ನೂ ಸಿಕ್ಕಿಲ್ಲ.