ಕೋಳಿಯ ನೆತ್ತರು ಮತ್ತು ಬ್ಲೂಮ್ ಸೋದರರು

ಅಮೆರಿಕದ ನಿರ್ದೇಶಕ ರಯಾನ್ ಜಾನ್ಸನ್ ಅವರ ಎರಡನೆಯ ಚಿತ್ರ ‘ದಿ ಬ್ರದರ್ಸ್ ಬ್ಲೂಮ್’ 2008ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಇಬ್ಬರು ಸೋದರರು ಸೇರಿ ಹಣವಂತರಿಗೆ ಟೋಪಿ ಹಾಕುವ ಕಥೆಯೆಂಬುದಷ್ಟೇ ಅದರ ಹೆಚ್ಚುಗಾರಿಕೆಯಾಗಿದ್ದರೆ ಅದಕ್ಕಾಗಿ ಅಷ್ಟು ಕಾಯಬೇಕಾದ್ದೇನೂ ಇರಲಿಲ್ಲ, ಏಕೆಂದರೆ ಹಾಲಿವುಡ್‌ನಲ್ಲಿ ವಂಚಕರ ಚಿತ್ರಗಳಿಗೆ ಎಂದೂ ಬರ ಬಂದದ್ದಿಲ್ಲ. ಕುತೂಹಲ ಹುಟ್ಟಿಸಿದ್ದು ಇದೇ ನಿರ್ದೇಶಕರ ಮೊದಲ ಚಿತ್ರ ‘ಬ್ರಿಕ್’.

ಬಂಧುಮಿತ್ರರಿಂದ ಕೂಡಿಸಿದ, ಐದು ಲಕ್ಷ ಡಾಲರಿಗೂ ಕಡಿಮೆ ಹಣದಲ್ಲಿ, ಜಾನ್ಸನ್ ತಾವೇ ಓದಿದ ಕ್ಯಾಲಿಫೋರ್ನಿಯಾದ ಸಾನ್ ಕ್ಲೆಮೆಂಟೆಯ ಪ್ರೌಢಶಾಲೆಯಲ್ಲಿ ಚಿತ್ರೀಕರಿಸಿದ ‘ಬ್ರಿಕ್’, 2005ರ ಸಂಡಾನ್ಸ್ ಉತ್ಸವದಲ್ಲಿ ಸ್ವಂತಿಕೆಗಾಗಿ ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು. ಡ್ಯಾಷಿಯಲ್ ಹ್ಯಾಮೆಟ್‌ನ ಪತ್ತೇದಾರಿ ಕಾದಂಬರಿಗಳ ಬಿರುಸು ಮಾತನ್ನು ಹದಿಹರೆಯದ ವಿದ್ಯಾರ್ಥಿಗಳ ಬಾಯಲ್ಲಿ ಆಡಿಸುವ ಈ ಚಿತ್ರ, ಕಾಗದದ ಮೇಲೆ ನೋಡಿದರೆ ಶಾಲಾ ವಾರ್ಷಿಕೋತ್ಸವದ ಅಣಕು ನಾಟಕದಂತೆ ಕಾಣಬೇಕಿತ್ತು. ಮಾದಕ ವಸ್ತುಗಳ ದಂಧೆಯ ನಾಯಕನ ಮನೆಯಲ್ಲಿ ಅವನ ತಾಯಿ ಬಂದವರಿಗೆ ಹಣ್ಣಿನ ರಸ ಕೊಟ್ಟು ಉಪಚರಿಸುವ ದೃಶ್ಯವಂತೂ ನಗೆ ತರಿಸುವಂಥದೇ. ಆದರೆ ಆ ನಗೆಯ ನಡುವೆಯೂ ಕಥಾನಾಯಕನ ದುಃಖ ಒಂದಿಷ್ಟೂ ಹಗುರಾಗುವುದಿಲ್ಲ. ಅಪ್ಪಟ ಕೃತಕ ಲೋಕವೊಂದನ್ನು ಕಟ್ಟಿ, ಅದರೊಳಗಿನ ನೋವನ್ನು ಮಾತ್ರ ನಿಜವೆಂದು ನಂಬಿಸಬಲ್ಲ ಈ ಶಕ್ತಿಯೇ ವಂಚಕರ ಕಥೆಗೆ ಬೇಕಾದದ್ದು, ಮತ್ತು ಆ ಬಗೆಯ ಚಿತ್ರಗಳು ಬಹುಮಟ್ಟಿಗೆ ಕಳೆದುಕೊಂಡಿರುವುದು ಕೂಡ ಅದನ್ನೇ.

ಹಾಗೇಕೆ ಆಯಿತೆಂಬುದಕ್ಕೆ ಉತ್ತರ ಹುಡುಕುವವರು ಲೂಯಿವಿಲ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ಡೇವಿಡ್ ಮೌರರ್ 1940ರಲ್ಲಿ ಪ್ರಕಟಿಸಿದ ‘ದಿ ಬಿಗ್ ಕಾನ್’ ಗ್ರಂಥಕ್ಕೆ ಹೋಗಬೇಕು. ಕಳ್ಳರ ಗುಪ್ತಭಾಷೆಯನ್ನು ಸಂಗ್ರಹಿಸಲು ಹೊರಟ ಈ ವಿದ್ವಾಂಸರು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ವಂಚನೆಗಳ ಇಡೀ ಕಾರ್ಯವಿಧಾನವನ್ನೇ ದಾಖಲಿಸಿಬಿಟ್ಟರು. ರೈಲಿನಲ್ಲೋ ಹೋಟೆಲಿನಲ್ಲೋ ಹಣವಂತ ಮಿಕವೊಂದನ್ನು ಗುರುತಿಸಿ ಕರೆತರುವವನು ಒಬ್ಬ, ಅದನ್ನು ಖೆಡ್ಡಾಕ್ಕೆ ಕೆಡವುವವನು ಇನ್ನೊಬ್ಬ. ಖೆಡ್ಡಾ ಎಂದರೆ ಇಲ್ಲಿ ಬಾಡಿಗೆಯ ಕೋಣೆಯಲ್ಲಿ ಹೂಡಿದ ಸುಳ್ಳು ಜೂಜುಕಟ್ಟೆ. ಕುದುರೆ ಪಂದ್ಯದ ಫಲಿತಾಂಶವನ್ನು ತಂತಿ ಕಚೇರಿಯವನು ಕೆಲವು ನಿಮಿಷ ತಡೆಹಿಡಿಯುತ್ತಾನೆ, ಅಷ್ಟರಲ್ಲಿ ಗೆದ್ದ ಕುದುರೆಯ ಮೇಲೆ ಹಣ ಕಟ್ಟಬಹುದು ಎಂದು ನಂಬಿದ ಮಿಕ, ತಾನೂ ಮೋಸದಲ್ಲಿ ಪಾಲುದಾರನೆಂಬ ಹಿಗ್ಗಿನಲ್ಲಿ ಗಂಟನ್ನೆಲ್ಲ ತಂದು ಸುರಿಯುತ್ತಿತ್ತು.

ಆದರೆ ಈ ಕಸುಬಿನಲ್ಲಿ ಹಣ ಕೀಳುವುದಕ್ಕಿಂತಲೂ ಕಷ್ಟದ್ದು, ಹಣ ಕಳೆದುಕೊಂಡವನನ್ನು ಪೊಲೀಸರ ಬಳಿ ಹೋಗದಂತೆ ಸಾಗಹಾಕುವುದು. ಅದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಕೋಳಿಯ ರಕ್ತ ತುಂಬಿದ ಪುಟ್ಟ ಚೀಲದ್ದು ಅತ್ಯಂತ ಸೊಗಸಾದದ್ದು, ಅತ್ಯಂತ ನೀಚವಾದದ್ದೂ ಹೌದು. ಪಂದ್ಯ ಸೋತೊಡನೆ ವಂಚಕರಿಬ್ಬರೂ ಮಿಕದೆದುರೇ ಜಗಳಕ್ಕೆ ಬೀಳುತ್ತಾರೆ, ಒಬ್ಬ ಸೀಸವಿಲ್ಲದ ಬರಿಯ ಮದ್ದಿನ ತೋಟಾ ತುಂಬಿದ ಪಿಸ್ತೂಲು ಹಾರಿಸುತ್ತಾನೆ, ಇನ್ನೊಬ್ಬ ಬಾಯಲ್ಲಿಟ್ಟುಕೊಂಡ ಚೀಲವನ್ನು ಕಚ್ಚಿ ಒಡೆದು ರಕ್ತ ಕಾರುತ್ತ ಉರುಳುತ್ತಾನೆ. ಮೈಮೇಲೆ ರಕ್ತ ಸಿಡಿದ ಮಿಕಕ್ಕೆ ಆ ಗಳಿಗೆಯಲ್ಲಿ ಹಣದ ನೆನಪೂ ಉಳಿಯುವುದಿಲ್ಲ. ಕೊಲೆಯ ಕೇಸಿನಲ್ಲಿ ಸಿಕ್ಕಿಬಿದ್ದೇನೆಂಬ ಭಯದಿಂದ ಊರು ಬಿಟ್ಟೋಡುವ ಅದು ಎಂದಿಗೂ ದೂರು ಕೊಡುವುದಿಲ್ಲ, ಸತ್ತವನು ಎದ್ದು ಮುಖ ತೊಳೆದುಕೊಳ್ಳುತ್ತಾನೆ.

ಜಾರ್ಜ್ ರಾಯ್ ಹಿಲ್ ಅವರ ‘ದಿ ಸ್ಟಿಂಗ್’ (1973) ಈ ಸುಳ್ಳು ಜೂಜುಕಟ್ಟೆಯನ್ನೂ ಸುಳ್ಳು ಸಾವನ್ನೂ ತೆರೆಯ ಮೇಲೆ ತಂದು ಏಳು ಆಸ್ಕರ್‌ಗಳನ್ನು ಗೆದ್ದಿತು. ಮೌರರ್ ಗ್ರಂಥದಲ್ಲಿ ಬರುವ ಗೊಂಡಾರ್ಫ್ ಸೋದರರ ಹೆಸರು ಪಾಲ್ ನ್ಯೂಮನ್ ಪಾತ್ರಕ್ಕೆ ಬಂದದ್ದು ಕಾಕತಾಳೀಯವಾಗಿರಲಾರದು. ತಮ್ಮ ಗ್ರಂಥವನ್ನೇ ಬಳಸಿಕೊಂಡರೆಂದು ಮೌರರ್ ಹೂಡಿದ ದಾವೆ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಆ ಚಿತ್ರದ ಯಶಸ್ಸೇ ಮುಂದಿನವರಿಗೆ ತೊಡಕಾಯಿತು. ಡೇವಿಡ್ ಮ್ಯಾಮೆಟ್ ಅವರ ‘ಹೌಸ್ ಆಫ್ ಗೇಮ್ಸ್’ (1987) ಬರುವ ಹೊತ್ತಿಗೆ ಪ್ರೇಕ್ಷಕ ಎಷ್ಟು ಪಳಗಿದ್ದನೆಂದರೆ, ಇಸ್ಪೀಟಿನ ಮೇಜಿನ ಮೇಲಿನ ಪಿಸ್ತೂಲಿನಿಂದ ನೀರು ತೊಟ್ಟಿಕ್ಕುವುದನ್ನು ತೋರಿಸಿ ಮೊದಲ ಮೋಸವನ್ನು ಬಯಲುಮಾಡಿ, ಆ ಬಯಲಿನ ಹಿಂದೆ ಇನ್ನೊಂದನ್ನು ಅಡಗಿಸಬೇಕಾಯಿತು. ಈಗ ವಂಚಕರ ಚಿತ್ರದಲ್ಲಿ ಯಾರು ಗುಂಡೇಟಿಗೆ ಬಿದ್ದರೂ ಪ್ರೇಕ್ಷಕ ಮರುಗುವುದಿಲ್ಲ, ಅವನು ಯಾವಾಗ ಏಳುತ್ತಾನೆಂದು ಎಣಿಸುತ್ತ ಕೂರುತ್ತಾನೆ.

‘ಬ್ರದರ್ಸ್ ಬ್ಲೂಮ್’ ಕಥೆಯ ಹಂದರ ಈ ತೊಡಕಿನ ಸುತ್ತಲೇ ಹಬ್ಬಿದಂತಿದೆ. ಅಣ್ಣ ಸ್ಟೀಫನ್ (ಮಾರ್ಕ್ ರಫಲೊ) ಒಂದೊಂದು ವಂಚನೆಯನ್ನೂ ಕಾದಂಬರಿಯಂತೆ ಹೆಣೆಯುತ್ತಾನೆ, ತಮ್ಮ ಬ್ಲೂಮ್ (ಏಡ್ರಿಯನ್ ಬ್ರೋಡಿ) ಅದರಲ್ಲಿ ಪಾತ್ರ ವಹಿಸಿ ವಹಿಸಿ ಬೇಸತ್ತು, ಯಾರೂ ಬರೆದುಕೊಡದ ಬದುಕೊಂದನ್ನು ಬಯಸುತ್ತಾನೆ. ಕೊನೆಯ ಮಿಕವಾಗಿ ಬರುವವಳು ರೇಚಲ್ ವೈಸ್ ವಹಿಸಿರುವ, ಹವ್ಯಾಸಗಳನ್ನೇ ಗುಡ್ಡೆಹಾಕಿಕೊಂಡ ಒಂಟಿ ಸಿರಿವಂತೆ ಪೆನೆಲೊಪಿ. ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯನ್ನು ನೆನಪಿಸುವ ಈ ಹೆಸರುಗಳು ತುಸು ಜಾಣತನದ ಪ್ರದರ್ಶನವೆನಿಸಿದರೆ ತಪ್ಪಿಲ್ಲ. ಸರ್ಬಿಯಾ, ಮಾಂಟೆನೆಗ್ರೊ, ರೊಮೇನಿಯಾ, ಪ್ರಾಗ್‌ಗಳಲ್ಲಿ ಸುತ್ತಿ ಚಿತ್ರೀಕರಿಸಿದ ಈ ದೊಡ್ಡ ಬಜೆಟ್ಟಿನ ವೈಭವದ ನಡುವೆ ‘ಬ್ರಿಕ್’ನ ಬಡತನ ಕಲಿಸಿದ್ದ ಬಿಗಿ ಸಡಿಲಾಗುವ ಅಪಾಯವೂ ಇಲ್ಲದಿರಲಿಲ್ಲ. ಆದರೂ ಕಾಯಬೇಕಾಗಿದ್ದದ್ದು ಕಥೆಯ ಕೊನೆಯ ತಿರುವಿಗಲ್ಲ: ಸೋದರರಲ್ಲಿ ಒಬ್ಬನ ಅಂಗಿಯ ಮೇಲೆ ಎಂದಾದರೂ ರಕ್ತದ ಕಲೆ ಕಂಡರೆ, ಕೋಳಿಯ ಚೀಲದ ಗುಟ್ಟು ಬಲ್ಲ ಪ್ರೇಕ್ಷಕನ ಎದೆಯೂ ಒಮ್ಮೆ ಧಸಕ್ಕೆನ್ನುವಂತೆ ಜಾನ್ಸನ್ ಮಾಡಬಲ್ಲರೇ ಎಂಬುದಕ್ಕೆ.