ಬಿಳಿಮೀನು ಹಿಡಿಯಲು ಅಪ್ಪಣೆ

ನಮ್ಮ ರಾಜಾನುಕುಂಟೆಯ ಕಡೆ ಕೆರೆಮೀನು ಎಲ್ಲರಿಗೂ ಗೊತ್ತು. ಕಾವೇರಿಯ ಬಿಳಿಮೀನು ಗೊತ್ತೇನಕ್ಕ? 1946ರಲ್ಲಿ ಕಬಿನಿ ಹೊಳೆಯಲ್ಲಿ 54 ಕಿಲೋ ಮೀನು ಸಿಕ್ಕಿತ್ತು. ಅಕ್ಕಿಮೂಟೆಗಿಂತ ಭಾರ!

ಇದು ಮೊಟ್ಟೆ ಇಡಲು ಹೊಳೆಯಲ್ಲಿ ಮೇಲಕ್ಕೆ ಹೋಗುತ್ತದೆ. ಅಣೆಕಟ್ಟು ದಾರಿ ತಡೆಯಿತು. ಸಿಡಿಮದ್ದು ಹಾಕಿ ಹಿಡಿದರು. ಬೇರೆ ಜಾತಿಯ ಮರಿ ತಂದು ಬಿಟ್ಟರು. ಈಗ ಬಿಳಿಮೀನು ಬಹಳ ಕಡಿಮೆ.

ಕಾವೇರಿ ವನ್ಯಧಾಮದಲ್ಲಿ ಇದನ್ನು ಹಿಡಿಯಬಾರದು. ವಿಜ್ಞಾನಿಗಳು ಹಿಡಿಯಬಹುದೇ? ಅವರೂ ಸುಮ್ಮನೆ ನುಗ್ಗುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ಅಪ್ಪಣೆ ಯಾಕೆ ಕೊಡಬೇಕು ಅಂತೀರಾ? ಈಜುರೆಕ್ಕೆಯ ಚೂರು ತೆಗೆದು ಮೀನನ್ನು ನೀರಿಗೇ ಬಿಡಬಹುದು. ಆ ಚೂರನ್ನು ಪರೀಕ್ಷಿಸಿದರೆ ಮೀನಿನ ಜಾತಿ ತಿಳಿಯುತ್ತದೆ. ರೇಷನ್ ಕಾರ್ಡಿಗೆ ಹೆಸರು ಬೇಕಲ್ಲ, ಹಾಗೆಯೇ ಇದಕ್ಕೂ. ವಿಜ್ಞಾನಿಗಳು ಬಿಳಿಮೀನಿನ ಹೆಸರು ಖಚಿತ ಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಜಗತ್ತಿನ ಕೆಂಪು ಪಟ್ಟಿಗೆ ಸೇರಿತು.