ನೀರಿನ ದಾರಿಯಲ್ಲಿ ಕಟ್ಟಿದ ಬಡಾವಣೆ

2022ರ ಸೆಪ್ಟೆಂಬರ್ 5ರ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಒಂದೇ ದಿನಕ್ಕೆ 131.6 ಮಿ.ಮೀ. ಮಳೆ ಸುರಿದಿತ್ತು. ಹೊರವರ್ತುಲ ರಸ್ತೆಯ ಕಡೆ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೊರಟರು. ಅತ್ತ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿದ್ದರಿಂದ ಹಲವು ಬಡಾವಣೆಗಳಿಗೆ ಕಾವೇರಿ ನೀರು ಬರಲಿಲ್ಲ. ಬೀದಿ ತುಂಬ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಟಿವಿಗಳು ಮುಳುಗಿದ ವಿಲ್ಲಾಗಳನ್ನೇ ಮತ್ತೆ ಮತ್ತೆ ತೋರಿಸಿದವು. ಕಾಲುವೆಯಂಚಿನ ತಗ್ಗಿನಲ್ಲಿ ಶೆಡ್ ಹಾಕಿಕೊಂಡ ಕೂಲಿಕಾರರ ಅಕ್ಕಿ, ಹಾಸಿಗೆ, ಆಧಾರ್ ಕಾರ್ಡು ನೆನೆದುಹೋದರೆ ಅದಕ್ಕೆ ವಿಮೆಯೂ ಇಲ್ಲ, ಕ್ಯಾಮೆರಾವೂ ಇಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ಹೊಳೆಯೇ ಇಲ್ಲದ ಊರಿದು. ದಿಣ್ಣೆಯ ಮೇಲೆ ಬಿದ್ದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಹಿಂದಿನವರು ಈ ಇಳಿಜಾರನ್ನು ಓದಿಕೊಂಡೇ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು, ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತಿತ್ತು. ತೂಬು ಎತ್ತಿ ಇಳಿಸಲು ನೀರುಗಂಟಿ ಇರುತ್ತಿದ್ದ. ಪ್ರತಿ ಕೆರೆಯೂ ಮಳೆಯ ರಭಸವನ್ನು ಅಷ್ಟಷ್ಟು ತಡೆದು ನಿಲ್ಲಿಸುತ್ತಿತ್ತು. ಆಮೇಲೆ ಊರು ಬೆಳೆದಂತೆ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ರಾಜಕಾಲುವೆಗಳಿಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದೆವು. ಈಗ ನೀರು ಎಲ್ಲೂ ಇಂಗದೆ, ಎಲ್ಲೂ ನಿಲ್ಲದೆ ಒಂದೇ ಓಟಕ್ಕೆ ಬೆಳ್ಳಂದೂರು, ವರ್ತೂರಿನಂಥ ತಗ್ಗಿಗೆ ಬಂದು ಬೀಳುತ್ತದೆ.

ಹಾಗಾಗಿ ಮಳೆ ಶುರುವಾದ ಮೇಲೆ ಪಂಪ್‌ಸೆಟ್ಟು, ದೋಣಿ ತರಿಸುವುದನ್ನು ವಿಪತ್ತು ನಿರ್ವಹಣೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಬಡಾವಣೆಯ ನಕ್ಷೆಗೆ ಮೊಹರು ಬೀಳುವ ದಿನವೇ ಪ್ರವಾಹ ಅರ್ಧ ನಿರ್ಧಾರವಾಗಿರುತ್ತದೆ. ಕೆರೆಯಂಚಿನಲ್ಲಿ 75 ಮೀಟರ್ ಜಾಗ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ನಗರ ಯೋಜನೆಯ 30 ಮೀಟರೇ ಮತ್ತೆ ಜಾರಿಗೆ ಬಂತು. ಆ 30 ಮೀಟರನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಸೈಟು ಕೊಳ್ಳುವವರು ಮುಂಗಡ ಕೊಡುವ ಮೊದಲು ಆ ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡಲಿ. ಗ್ರಾಮ ನಕ್ಷೆ ತರಿಸಿ ಕಾಲುವೆಯ ಗೆರೆ ಎಲ್ಲಿ ಹಾದಿದೆ ಎಂದು ಹುಡುಕಲಿ. ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ ಎಂದು ಕೇಳಲಿ. ಮಂಜೂರಾತಿ ಕೊಡುವ ಅಧಿಕಾರಿಯ ಮೇಜಿನ ಮೇಲೂ ಅದೇ ಗ್ರಾಮ ನಕ್ಷೆ ಇರಬೇಕು. ಕಾಲುವೆಯ ಗೆರೆಯ ಮೇಲೆ ಮನೆ ಬಂದರೆ, ಮನೆ ಕಟ್ಟಿದವರ ಜೊತೆಗೆ ಸಹಿ ಹಾಕಿದವರೂ ಉತ್ತರ ಕೊಡಬೇಕು.